ವರದಿಯಲ್ಲಿ ಇಲ್ಲದ ನೋವು

ಅಕ್ಕ ನಗರದ ಬಸ್ಸು ಓಡಿಸುತ್ತಿದ್ದಳು. ತಂಗಿ ಪ್ರಯೋಗಾಲಯದಲ್ಲಿ ಕರುಳಿನ ನರಗಳನ್ನು ಅಭ್ಯಾಸ ಮಾಡುತ್ತಿದ್ದಳು. ಅಕ್ಕನಿಗೆ ಆಗಾಗ ಹೊಟ್ಟೆ ಹಿಂಡುವ ನೋವು. ಬಂತೆಂದರೆ ಬಸ್ಸನ್ನು ರಸ್ತೆಬದಿಗೆ ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟುಬಿಡುತ್ತಿದ್ದಳು. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಯಾವುದರಲ್ಲೂ ಏನೂ ಕಾಣಲಿಲ್ಲ. ಡಿಪೋದವರು ಮೈಗಳ್ಳಿ ಎಂದರು.

"ನೀನು ಓದಿದವಳು. ಮ್ಯಾನೇಜರ್ ಹತ್ರ ಬಂದು ಒಂದು ಮಾತು ಹೇಳೇ," ಎಂದು ಅಕ್ಕ ಕೇಳಿಕೊಂಡಳು.

"ರಿಪೋರ್ಟಲ್ಲಿ ಏನೂ ಇಲ್ವಲ್ಲಕ್ಕ, ಏನಂತ ಹೇಳ್ಲಿ? ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋ."

ಡಿಪೋದವರು ಅಕ್ಕನಿಂದ ಬಸ್ಸು ಕಿತ್ತುಕೊಂಡು, ಪ್ರಯಾಣಿಕರು ಮರೆತುಹೋದ ಕೊಡೆ, ಚೀಲಗಳನ್ನು ಕಾಯುವ ಕೋಣೆಯಲ್ಲಿ ಕೂರಿಸಿದರು.

ವರ್ಷಗಳು ಉರುಳಿದವು. ಕರುಳಿನ ಗೋಡೆಯಲ್ಲೇ ಒಂದು ನರಜಾಲವಿದೆ. ಅದರಲ್ಲಿ ಸಂವೇದನೆಯ ಕೋಶಗಳು ಯಾವುವು ಎಂದು ತಂಗಿ ಹುಡುಕುತ್ತಿದ್ದಳು. ಗಿನಿಯಿಲಿಯ ಕರುಳಿನ ತುಂಡನ್ನು ಬೆಚ್ಚಗಿನ ದ್ರವದಲ್ಲಿ ಪಿನ್ನು ಚುಚ್ಚಿ ಹರಡುತ್ತಿದ್ದಳು. ಅದಕ್ಕೆ ಮಿದುಳಿನ ನಂಟೇ ಇರಲಿಲ್ಲ. ಆದರೂ ತುಂಡನ್ನು ಎಳೆದಾಗ, ಎಚ್ಚೆತ್ತರೆ ಹೊಳೆಯುವ ಬಣ್ಣ ಹೀರಿದ ಹಲವು ಕೋಶಗಳು ಸೂಕ್ಷ್ಮದರ್ಶಕದಡಿ ಮಿನುಗುತ್ತಿದ್ದವು. ಎಳೆತವನ್ನು ತಾವೇ ಅರಿತವು ಯಾವುವು, ಪಕ್ಕದವು ಹೇಳಿದ್ದಕ್ಕೆ ಎಚ್ಚೆತ್ತವು ಯಾವುವು?

ಒಂದು ಬೆಳಿಗ್ಗೆ ಕೋಶಗಳ ನಡುವಿನ ಮಾತುಕತೆಯನ್ನೇ ಔಷಧಿ ಹಾಕಿ ತಡೆದು ಎಳೆದಳು. ಹೆಚ್ಚಿನವು ಮಂಕಾಗಿಯೇ ಉಳಿದವು. ಕೆಲವು ಮಾತ್ರ ಬೆಳಗಿದವು. ಮತ್ತೆ ಎಳೆದಳು. ಮತ್ತೆ ಅವೇ: ಯಾರೂ ಹೇಳದೆ ತಾವೇ ಅರಿತವು.

ಜೊತೆಯವರು ಚಪ್ಪಾಳೆ ತಟ್ಟಿದರು. ಅವಳಿಗೆ ಮಾತ್ರ ಅಕ್ಕ ನೆನಪಾದಳು. ಸಂಜೆ ನೇರ ಡಿಪೋದಲ್ಲಿನ ಅಕ್ಕನ ಕೋಣೆಗೆ ಹೋದಳು.

"ಕರುಳಿಗೆ ತಾನಾಗೇ ಗೊತ್ತಾಗುತ್ತಕ್ಕ. ಕಣ್ಣಾರೆ ನೋಡಿದೆ."

ಅಕ್ಕ ನಕ್ಕಳು. "ಅದಕ್ಕೆ ಇಲಿ ಬೇಕಾಯ್ತಾ? ನನ್ನ ಕೇಳಿದ್ರೆ ಹೇಳ್ತಿದ್ನಲ್ಲೇ!"

"ನಿನ್ನ ನೋವು ಯಾಕೆ ಅಂತ ಇದರಿಂದ ತಿಳಿಯಲ್ಲ. ಆದ್ರೆ ರಿಪೋರ್ಟಲ್ಲಿ ಕಾಣದಿದ್ರೆ ನೋವೇ ಇಲ್ಲ ಅಂತಲ್ಲ. ಅವತ್ತು ಮ್ಯಾನೇಜರ್ ಹತ್ರ ನಾನು ಬರಬೇಕಿತ್ತು."

ಅಕ್ಕ ಒಂದು ಕೊಡೆಯನ್ನು ಮಡಿಚಿಟ್ಟಳು. "ಕಾರಣ ಹೇಳು ಅಂದಿರ್ಲಿಲ್ಲ. ನಮ್ಮಕ್ಕ ಸುಳ್ಳು ಹೇಳಲ್ಲ ಅಂದಿದ್ರೆ ಸಾಕಿತ್ತು."

"ಈಗ ಹೇಳ್ಲಾ?"

"ಯಾರಿಗೆ? ಆ ಮ್ಯಾನೇಜರ್ ರಿಟೈರಾಗಿ ಹೋದ್ರು. ಲೈಸೆನ್ಸು ನಾನೇ ರಿನ್ಯೂ ಮಾಡಿಸ್ಲಿಲ್ಲ. ನಡಿ, ಬಸ್ಸು ತಪ್ಪುತ್ತೆ."

ಬಸ್ಸಿನಲ್ಲಿ ಇಬ್ಬರೂ ಮುಂದಿನ ಸೀಟಿನಲ್ಲಿ ಕೂತರು. ತಿರುವು ಬಂದಾಗಲೆಲ್ಲ ಅಕ್ಕನ ಬಲಗಾಲು ಅವಳಿಗರಿವಿಲ್ಲದೆ ಬ್ರೇಕ್ ಒತ್ತುವಂತೆ ನೆಲವನ್ನು ಒತ್ತುತ್ತಿತ್ತು. ತಂಗಿ ಅದನ್ನು ನೋಡಿದಳು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.