ಚರಗಕ್ಕೆ ಒಂದು ಹಿಡಿ

ಹಿರೇಹಡಗಲಿಯ ಗುರುಸಂಗಪ್ಪನಿಗೆ ಹೊಸದು ಏನು ಕಂಡರೂ ಬೇಕು, ಹಳೆಯದು ಒಂದನ್ನೂ ಬಿಡಬಾರದು. ಇಂಥ ಗಂಡನ ಜೊತೆ ಮೂವತ್ತು ವರ್ಷ ಬಾಳಿದ ನಾಗಲಿಂಗಮ್ಮನಿಗೆ ಯಾರಾದರೂ ಶಾಲು ಹೊದಿಸಿ ಸನ್ಮಾನ ಮಾಡಬೇಕಿತ್ತು.

ಎರಡು ಸಾವಿರದ ಐದರಲ್ಲಿ ಎಣ್ಣೆ ಕಂಪನಿಯೊಂದರ ಪ್ರವೀಣಕುಮಾರ್ ಜೀಪಿನಲ್ಲಿ ಬಂದು, ಜಟ್ರೋಫಾ ಬೀಜದಿಂದ ಡೀಸೆಲ್ ತೆಗೆಯುತ್ತಾರೆ, ನೀರು ಬೇಡ, ಬೇಲಿ ಬೇಡ, ಆಡು ಕೂಡ ಮುಟ್ಟುವುದಿಲ್ಲ ಎಂದಿದ್ದ. ಗುರುಸಂಗಪ್ಪ ತನ್ನ ನಾಲ್ಕೆಕರೆಯಲ್ಲಿ ಎರಡೆಕರೆಗೆ ಅದನ್ನೇ ಹಾಕಿದ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಗಾದೆಯನ್ನೇ ಸುಳ್ಳು ಮಾಡಿದ ಗಿಡ ಮನುಷ್ಯರನ್ನು ಏನು ಉದ್ಧಾರ ಮಾಡೀತು ಎಂದು ನಾಗಲಿಂಗಮ್ಮ ಅಂದೇ ಕೇಳಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗಿಡವೇನೋ ಬೆಳೆಯಿತು, ಕಾಯಿ ಮಾತ್ರ ನೀರು ಬಿಟ್ಟ ಕಡೆಯಷ್ಟೇ ಹಿಡಿಯಿತು. ಮೊದಲು ಅಲ್ಲಿ ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆ, ಪುಂಡಿ ಬರುತ್ತಿದ್ದವು. ಈಗ ಎತ್ತಿಗೆ ಸೊಪ್ಪೆ ಕೊಂಡು ತರಬೇಕು. ಕಳೆ ತೆಗೆಯಲು ಬರುತ್ತಿದ್ದ ಜೋಗಮ್ಮನಿಗೆ ಅರ್ಧ ಕೂಲಿ ತಪ್ಪಿತು, ಉಡಿಯಲ್ಲಿ ಒಯ್ಯುತ್ತಿದ್ದ ಸೊಪ್ಪೂ ತಪ್ಪಿತು. ನಾಗಲಿಂಗಮ್ಮನಿಗೆ ಅದೇ ಹೆಚ್ಚು ನೋವಾಯಿತು.

ಎರಡು ವರ್ಷ ಕಳೆದು, ಉಳಿದ ಎರಡೆಕರೆಗೂ ಜಟ್ರೋಫಾ ಹಾಕುವ ಕರಾರಿನ ಕಾಗದ ಸಿದ್ಧವಾಗಿತ್ತು. ಶೀಗಿ ಹುಣ್ಣಿಮೆಯ ಮಧ್ಯಾಹ್ನ ಹೊಲಕ್ಕೇ ಬಂದು ಸಹಿ ಹಾಕಿಸಿಕೊಳ್ಳುತ್ತೇನೆ ಎಂದು ಪ್ರವೀಣಕುಮಾರ್ ಹೇಳಿ ಕಳಿಸಿದ್ದ. ಅದೂ ಹೋದರೆ ರೊಟ್ಟಿಯ ಜೋಳವನ್ನೂ ಸಂತೆಯಿಂದ ತರಬೇಕು.

ಶೀಗಿ ಹುಣ್ಣಿಮೆಗೆ ಬಸುರಿ ಭೂಮಿಗೆ ಚರಗ, ಅಂದರೆ ಕಾಳು ಸೊಪ್ಪು ಬೇಯಿಸಿದ ಎಡೆ, ಚೆಲ್ಲಿ, ಉಣಿಸಿ, ಅಲ್ಲೇ ಕುಳಿತು ಉಣ್ಣುವುದು ಎಲ್ಲರ ಪದ್ಧತಿ. ಗುರುಸಂಗಪ್ಪನ ಮನೆತನಕ್ಕೆ ಇನ್ನೊಂದು ಕಟ್ಟಳೆ. ಪ್ರತಿ ತುಂಡು ಹೊಲದ ಬೆಳೆಯಲ್ಲೂ ಒಂದು ಹಿಡಿ ಚರಗದ ಪಾತ್ರೆಗೆ ಬೀಳಬೇಕು. ಬೀಳದ ತುಂಡಿಗೆ ಚರಗವಿಲ್ಲ. ಹಿಂದಿನ ವರ್ಷ ಜಟ್ರೋಫಾ ಕಾಯಿ ಬಿಟ್ಟಿರಲಿಲ್ಲವಾಗಿ ಆ ಮಾತು ಬಂದಿರಲಿಲ್ಲ.

ಈ ಸಲ ಬೆಳಿಗ್ಗೆ ಗುರುಸಂಗಪ್ಪ ಜಳಕ ಮಾಡಿ, ವಿಭೂತಿ ಹಚ್ಚಿ, ಹೊಲಕ್ಕೆ ಹೋಗಿ ಬಂದ. ಒಂದು ಕೈಯಲ್ಲಿ ಎಳೆ ತೆನೆ, ಪುಂಡಿ ಸೊಪ್ಪು. ಇನ್ನೊಂದರಲ್ಲಿ ಹಿಡಿ ತುಂಬ ಜಟ್ರೋಫಾ ಬೀಜ.

ನಾಗಲಿಂಗಮ್ಮ ಒಲೆಯ ಮುಂದಿನಿಂದ ಸರಿದಳು. “ಹಾಕ್ರಿ. ಆದ್ರ ಮೊದಲನೇ ತುತ್ತು ನೀವ ಉಣ್ರಿ. ಬಾಜೂಮನಿ ಗಾದೆಪ್ಪನ ಮೊಮ್ಮಕ್ಕಳು ಇದನ್ನ ಶೇಂಗಾ ಅಂತ ನಾಕು ತಿಂದು, ವಾಂತಿ ಮಾಡಿಕೊಂಡು ದವಾಖಾನಿ ಕಂಡು ಬಂದಾವ.”

ಗುರುಸಂಗಪ್ಪನ ಕೈ ಪಾತ್ರೆಯ ಮೇಲೆಯೇ ನಿಂತಿತು. “ಹಾಕದಿದ್ರ ಆ ಹೊಲಕ್ಕ ಚರಗ ಇಲ್ಲ.”

“ಇಲ್ಲ.”

“ಭೂಮಿತಾಯಿನ್ನ ಉಪಾಸ ಕೆಡವಾಕ ಬರೂದಿಲ್ಲ.”

“ಕಟ್ಟಳಿ ನಿಮ್ಮ ಮನಿತನದ್ದು. ನಾ ಏನು ಹೇಳ್ಲಿ.”

ಅವನಿಗೆ ಅತ್ತ ದರಿ, ಇತ್ತ ಪುಲಿ. ಬೀಜವನ್ನು ಟವಲಿನ ತುದಿಗೆ ಗಂಟು ಹಾಕಿಕೊಂಡ.

ಜೋಳದ ಹೊಲದಲ್ಲಿ ಅವನು ಮುಂದೆ ಚರಗ ಚೆಲ್ಲುತ್ತ, ಅವಳು ಹಿಂದೆ ನೀರು ಚಿಮುಕಿಸುತ್ತ ನಡೆದರು. “ಹುಲಿಗೋ, ಹುಲಿಗೋ” ಎಂಬ ಅವನ ಚರಗದ ಕೂಗು ಜಟ್ರೋಫಾ ಬದುವಿನ ಹತ್ತಿರ ನಿಂತುಹೋಯಿತು. ಪಾತ್ರೆಯಲ್ಲಿ ಇನ್ನೂ ಅರ್ಧ ಚರಗವಿತ್ತು. ಬೀಗರನ್ನು ಊಟಕ್ಕೆ ಕರೆದು ಎಲೆ ಹಾಕದವನ ಹಾಗೆ ಅವನು ತಲೆ ತಗ್ಗಿಸಿ ನಿಂತ. ನಾಗಲಿಂಗಮ್ಮನಿಗೆ ಅಯ್ಯೋ ಅನಿಸಿತು.

ಊಟಕ್ಕೆ ಸರಿಯಾಗಿ ಜೀಪು ಬಂತು. ಹಬ್ಬದ ಊಟಕ್ಕೆ ಬಂದಿದ್ದ ಜೋಗಮ್ಮನ ಪಕ್ಕದಲ್ಲೇ ಕುಳಿತು ಪ್ರವೀಣಕುಮಾರ್ ಮೂರು ಕಡುಬು ತಿಂದ, ಪುಂಡಿಪಲ್ಯ ಎರಡು ಸಲ ಹಾಕಿಸಿಕೊಂಡ, ಕೈ ತೊಳೆದು ಕಾಗದ ತೆಗೆದ. ಗುರುಸಂಗಪ್ಪ ಟವಲಿನ ಗಂಟು ಬಿಚ್ಚಿ ಬೀಜವನ್ನು ಅವನ ಮುಂದೆ ಸುರಿದ.

“ತಮ್ಮಾ, ಇದನ್ನ ಬೆಳೆದ ಭೂಮಿಗೆ ಇದರಾಗಿಂದ ಒಂದು ಕಾಳು ಉಣಿಸಾಕ ಆಗಲಿಲ್ಲ.”

“ಇದು ಡೀಸೆಲ್ಲಿಗ್ರಿ ಯಜಮಾನ್ರ. ಉಣ್ಣಾಕಲ್ಲ.”

“ನಾನೂ ಅದನ್ನ ಹೇಳಾಕತ್ತೀನಿ. ಕಾಗದ ಒಳಗ ಇಟ್ಕೋ. ಇನ್ನೊಂದು ಕಡುಬು ಹಾಕಿಸ್ಕೋ.”

ಜೀಪು ಹೋದ ಮೇಲೆ ಅವನು ಜೋಗಮ್ಮನ ಕಡೆ ತಿರುಗಿದ. “ಈ ಗಿಡ ಬೇರು ಸಮೇತ ತೆಗಿಯಾಕ ಎಷ್ಟು ಮಂದಿ ಬೇಕು?”

“ನಾಳೆಗಂದ್ರ ಹತ್ತು ಮಂದಿ ಕರಕೊಂಡು ಬರ್ತೀನ್ರಿ,” ಎಂದಳು ಜೋಗಮ್ಮ, ಕೇಳುವುದನ್ನೇ ಕಾಯುತ್ತಿದ್ದವಳ ಹಾಗೆ.

ಉಳಿದ ಚರಗವನ್ನು ಮನೆಗೆ ಒಯ್ಯುವಂತಿರಲಿಲ್ಲ. ಗುರುಸಂಗಪ್ಪ ಎದ್ದು ಹೋಗಿ ಬದುವಿನ ಮೊದಲ ಸೊರಗಿದ ಗಿಡಕ್ಕೆ ಕೈ ಹಾಕಿ ಜಗ್ಗಿದ. ಮೂರನೇ ಸಲಕ್ಕೆ ಕಿತ್ತು ಬಂತು. ಬೆಳೆ ಇಲ್ಲದ ಮಣ್ಣಿಗೆ ಕಟ್ಟಳೆ ಅಡ್ಡಿಯಿಲ್ಲ ಎಂದುಕೊಂಡು ಆ ಗುಂಡಿಗೆ ಚರಗ ಸುರಿದು, “ಹುಲಿಗೋ” ಎಂದ. ಹಿಂದಿನಿಂದ ನಾಗಲಿಂಗಮ್ಮ ನೀರು ಚಿಮುಕಿಸಿದಳು.