ಖಾಲಿ ಹೊಟ್ಟೆಯ ಗಾರ್ಡ್ ವ್ಯಾಗನ್

ನಾನು ಒಂದು ಗೂಡ್ಸ್ ರೈಲಿನ ವ್ಯಾಗನ್ನು. ಕಬ್ಬಿಣದ ಹಾಳೆ ಬೆಸೆದು, ಕೆಂಪು ಬಣ್ಣ ಬಳಿದು ಹಳಿಗಿಳಿಸಿದ ದಿನ ನನ್ನ ಜಂಬ ನೋಡಬೇಕಿತ್ತು! ಅಕ್ಕಿ ಹೊರುತ್ತೇನೆ, ಸಕ್ಕರೆ ಹೊರುತ್ತೇನೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ. ಸಿಕ್ಕ ಕೆಲಸವೋ, ಖಾಲಿ ಓಡಾಡುವುದು! ಹುಬ್ಬಳ್ಳಿಯಿಂದ ಪೆಟ್ರೋಲ್ ಒಯ್ಯುವ ರೈಲಿನಲ್ಲಿ ಎಂಜಿನ್ನಿಗೂ ಮೊದಲ ಟ್ಯಾಂಕರಿಗೂ ನಡುವೆ ನನ್ನನ್ನು ಕಟ್ಟಿದರು. ಎಂಜಿನ್ನಿನ ಕಿಡಿ ಪೆಟ್ರೋಲಿಗೆ ತಾಗದಂತೆ ನಡುವೆ ನಿಲ್ಲುವುದೇ ನನ್ನ ಉದ್ಯೋಗ; ಅದಕ್ಕೇ ಗಾರ್ಡ್ ವ್ಯಾಗನ್ ಎಂಬ ಹೆಸರು.

ಯಾರ್ಡಿನಲ್ಲಿ ಅಕ್ಕಪಕ್ಕದ ಹಳಿಯ ವ್ಯಾಗನ್ನುಗಳು ನನ್ನ ಖಾಲಿ ಹೊಟ್ಟೆಯನ್ನು ಆಡಿಕೊಂಡು ನಗುತ್ತಿದ್ದವು. ಡ್ರೈವರ್ ಯಮನೂರಪ್ಪ ಮಾತ್ರ ಹೊರಡುವ ಮುಂಚೆ ನನ್ನ ಬೆನ್ನು ತಟ್ಟಿ, "ನಡಿಯೋ ತಮ್ಮಾ, ನೀ ಹಿಂದ ಇದ್ರ ನನಗ ಧೈರ್ಯ" ಎನ್ನುತ್ತಿದ್ದ. ಅಷ್ಟಕ್ಕೇ ನಾನು ಉಬ್ಬಿಹೋಗುತ್ತಿದ್ದೆ.

ಒಮ್ಮೆ ಪೆಟ್ರೋಲ್ ಕಂಪನಿಗೆ ಶಕುಂತಲಾ ಹಿರೇಗೌಡರ ಎಂಬ ಹೊಸ ಮ್ಯಾನೇಜರ್ ಬಂದರು. ನನ್ನೊಳಗೆ ಇಣುಕಿ ಮೂಗು ಮುರಿದರು.

"ಖಾಲಿ ಡಬ್ಬಿಗೂ ಬಾಡಿಗಿ ಕೊಡೂದ್ಯಾಕ? ಏನರೆ ತುಂಬ್ರಿ. ಇಲ್ಲಾಂದ್ರ ಬಿಚ್ಚಿ ಗುಜರಿಗೆ ಹಾಕ್ರಿ!"

ಆಗ ಹತ್ತಿಯ ಸುಗ್ಗಿ. ಹುಬ್ಬಳ್ಳಿಯ ಹಮಾಲರಿಗೆ 'ತುಂಬ್ರಿ' ಎಂದರೆ ಬೇರೇನು ನೆನಪಾದೀತು! ಹತ್ತಿ ಅಂಡಿಗೆಗಳನ್ನು, ಆ ದೊಡ್ಡ ದೊಡ್ಡ ಮೂಟೆಗಳನ್ನು, ತಂದು ತುರುಕಿದರು. ಅಬ್ಬಾ, ಹುಟ್ಟಿದಾಗಿನಿಂದ ಮೊದಲ ಸಲ ಹೊಟ್ಟೆ ತುಂಬಿತ್ತು! ಗುಜರಿ ತಪ್ಪಿತೆಂದು ಖುಷಿಯಲ್ಲಿ ತೇಲಾಡಿದೆ.

ಬೆನ್ನು ತಟ್ಟಲು ಬಂದ ಯಮನೂರಪ್ಪ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದ ಹತ್ತಿ ಕಂಡು ಹಿಂದೆ ಸರಿದ.

"ಯವ್ವಾ! ಪೆಟ್ರೋಲಿನ ಮುಂದ ಹತ್ತಿ? ಕಡ್ಡಿ ಗೀರೂದೊಂದ ಬಾಕಿ ಉಳದೈತಿ! ನಾ ಗಾಡಿ ಹೊರಡಸಂಗಿಲ್ಲ."

ಶಕುಂತಲಾ ಧಾವಿಸಿ ಬಂದರು. ಹತ್ತಿ ನೋಡಿದರು, ಟ್ಯಾಂಕರ್ ನೋಡಿದರು, ಹಣೆ ಚಚ್ಚಿಕೊಂಡರು. "ಅಯ್ಯ, ಬತ್ತಿ, ಎಣ್ಣಿ ಎರಡೂ ನಾನ ಜೋಡಿಸಿಟ್ಟೀನಲ್ರಿ!" ಎಂದು ನಕ್ಕೇಬಿಟ್ಟರು. ಹಮಾಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅಂಡಿಗೆಗಳು ಒಂದೊಂದಾಗಿ ಇಳಿದಂತೆ ಗುಜರಿಯೇ ಕಣ್ಣೆದುರು ಬಂತು.

ಆಕೆ ಎಂಜಿನ್ನಿನಿಂದ ಟ್ಯಾಂಕರಿನವರೆಗೆ ನನ್ನ ಉದ್ದಕ್ಕೂ ನಡೆದು ನೋಡಿ, ಹಮಾಲರತ್ತ ತಿರುಗಿದರು.

"ಉಪ್ಪು ಸಿಕ್ರ ತುಂಬ್ರಿ, ಅದು ಉರಿಯಂಗಿಲ್ಲ. ಸಿಗಲಿಲ್ಲಂದ್ರ ಖಾಲಿನ ಹೋಗ್ಲಿ. ಬಾಡಿಗಿ ನಾವು ಕೊಡತೇವಿ. ಯಮನೂರಪ್ಪನವರ ಜೀವಕ್ಕಿಂತ ಅದು ತುಟ್ಟಿ ಅಲ್ಲ."

ಆ ದಿನ ನಾನು ಖಾಲಿ ಹೊಟ್ಟೆಯಲ್ಲೇ ಗಡಗಡ ಸದ್ದು ಮಾಡುತ್ತ, ಕುಣಿಯುತ್ತ ಹೋದೆ. ಆಮೇಲೆ ಎಷ್ಟೋ ಸಲ ಉಪ್ಪನ್ನೂ ಹೊತ್ತೆ.

ಈಗ ನನಗೆ ವಯಸ್ಸಾಗಿದೆ. ಯಾರ್ಡಿನ ಮೂಲೆಯ ಬೇವಿನ ಮರದಡಿ ನಿಂತಿದ್ದೇನೆ. ಯಮನೂರಪ್ಪನೂ ನಿವೃತ್ತ. ಸಂಜೆ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ಬಂದು, ನನ್ನ ಗಾಲಿಗೆ ಬೆನ್ನು ಆನಿಸಿ ಕೂರುತ್ತಾನೆ.

"ಅಷ್ಟು ವರ್ಷ ನನ್ನ ಹಿಂದ ನೀ ಇದ್ದಿ ಅಂತ ನಾ ಒಮ್ಮೆನೂ ತಿರುಗಿ ನೋಡ್ಲಿಲ್ಲ ನೋಡೋ, ತಮ್ಮಾ" ಎನ್ನುತ್ತಾನೆ.

ಈಗಲೂ ಅವನು ತಿರುಗಿ ನೋಡುವುದಿಲ್ಲ. ಒರಗಿಕೊಂಡು ಮಿರ್ಚಿ ತಿನ್ನುತ್ತಾನೆ.