ಕೈ ಎತ್ತಿದರೆ ನಿಲ್ಲಬೇಕು

ನಮ್ಮ ಮನೆಯವರು ಕ್ರೇನ್ ನಡೆಸುತ್ತಾರೆ. ಮುಗಿಲೆತ್ತರದ ಗಾಜಿನ ಗೂಡಿನಲ್ಲಿ ಕೂತು ಕಬ್ಬಿಣದ ತೊಲೆಗಳನ್ನು ಹೂವಿನಂತೆ ಎತ್ತಿಡುವ ಈ ಮನುಷ್ಯ, ಹಲ್ಲಿನ ಡಾಕ್ಟರ ಕುರ್ಚಿ ಕಂಡರೆ ಮಾತ್ರ ಓಟ ಕೀಳುತ್ತಾರೆ. ಚಿಕ್ಕಂದಿನಲ್ಲಿ ಯಾರೋ ಇವರ ಹಲ್ಲನ್ನು ಮರಗಟ್ಟುವ ಮೊದಲೇ ಕಿತ್ತಿದ್ದರಂತೆ. "ಸಾಕು ಸಾಕು ಅಂತ ಅರಚಿದೆ ಕಣೇ, ಯಾರೂ ನಿಲ್ಲಿಸಲಿಲ್ಲ" ಎಂದು ಮದುವೆಯಾದ ಹೊಸದರಲ್ಲಿ ಹೇಳಿದ್ದರು.

ಹಾಗಾಗಿ ದವಡೆ ಹಲ್ಲು ನೋಯತೊಡಗಿದಾಗ ಲವಂಗ ಕಚ್ಚಿದರು, ಉಪ್ಪುನೀರು ಮುಕ್ಕಳಿಸಿದರು, ನಿದ್ದೆಗೆಟ್ಟರು. ಒಂದು ಬೆಳಿಗ್ಗೆ ನೋವು ತಾನಾಗಿಯೇ ನಿಂತಿತು. "ನೋಡಿದ್ಯಾ, ವಾಸಿಯಾಯ್ತು" ಎಂದು ಬೀಗಿದರು. ಆ ವಾರ ಕಳೆಯುವುದರೊಳಗೆ ಬಾಯಲ್ಲಿ ನಿಂಬೆಹಣ್ಣು ಇಟ್ಟುಕೊಂಡವರಂತೆ ಕೆನ್ನೆ ಊದಿತು. ಕೆಲಸದ ಮೇಲ್ವಿಚಾರಕರು ಮುಖ ನೋಡಿ, "ಹಲ್ಲು ಸರಿ ಮಾಡಿಸ್ಕೊಂಡು ಬನ್ನಿ, ಅಲ್ಲಿವರೆಗೂ ಮೇಲೆ ಹತ್ತೋ ಹಾಗಿಲ್ಲ" ಎಂದು ವಾಪಸ್ ಕಳಿಸಿದರು.

"ಅಪ್ಪಾ, ನನ್ನ ಹಲ್ಲು ಬಿದ್ದಾಗ ನಾನು ಅಳಲೇ ಇಲ್ಲ" ಎಂದಳು ಮಗಳು.

"ನಿಂದು ಹಾಲುಹಲ್ಲು ಪುಟ್ಟಿ. ತಾನೇ ಉದುರುತ್ತೆ."

ಅಂತೂ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಹಲ್ಲಿನ ಎಕ್ಸ್‌ರೇ ತೋರಿಸಿದರು. "ಒಳಗಿನ ನರ ಸತ್ತುಹೋಗಿದೆ. ನೋವು ನಿಂತಿದ್ದು ಅದಕ್ಕೇ, ವಾಸಿಯಾಗಿ ಅಲ್ಲ. ಈಗ ಬೇರಿನ ತುದೀಲಿ ಕೀವಾಗಿದೆ."

"ಹಾಗಾದ್ರೆ ಕಿತ್ತು ಬಿಸಾಕಿ ಮೇಡಂ."

"ಹಲ್ಲು ಇನ್ನೂ ಗಟ್ಟಿಯಾಗಿದೆಯಲ್ಲ! ಒಳಗೆ ಕೆಟ್ಟಿದ್ದನ್ನ ತೆಗೆದು, ತೊಳೆದು, ತುಂಬಿಸಿ, ಮೇಲೊಂದು ಕ್ಯಾಪ್ ಹಾಕಿದ್ರೆ ಇದರಲ್ಲೇ ಅಗೀಬಹುದು. ರೂಟ್ ಕೆನಾಲ್ ಅಂದ್ರೆ ಇಷ್ಟೇ."

ಇವರ ಕಣ್ಣು ಬಾಗಿಲ ಕಡೆಗಿತ್ತು. ನಾನೇ ಆ ಹಳೆಯ ಕಥೆ ಹೇಳಿದೆ. ಡಾಕ್ಟರಮ್ಮ ನಗಲಿಲ್ಲ. ಕೈಯಲ್ಲಿದ್ದುದನ್ನು ತಟ್ಟೆಯಲ್ಲಿಟ್ಟು, "ಎಡಗೈ ಎತ್ತಿ ಸಾಕು, ಅಲ್ಲೇ ನಿಲ್ಲಿಸ್ತೀನಿ. ಯಾಕೆ ಅಂತಾನೂ ಕೇಳಲ್ಲ" ಎಂದರು.

ಆ ಮಾತಿಗೆ ಇವರು ತಿರುಗಿ ನೋಡಿದರು. ಕ್ರೇನಿನ ಕೆಲಸದಲ್ಲೂ ಇದೇ ಕಟ್ಟಳೆ. ನಿಲ್ಲಿಸು ಎಂದು ಕೆಳಗೆ ಯಾರು ಕೈ ಎತ್ತಿದರೂ, ಕಸ ಗುಡಿಸುವವರೇ ಆಗಲಿ, ಎತ್ತಿದ ಭಾರ ಅಲ್ಲಲ್ಲೇ ನಿಲ್ಲಬೇಕು. ಹೋಗಿ ಕುರ್ಚಿಯಲ್ಲಿ ಕೂತರು.

ಸೂಜಿಮದ್ದಾಯಿತು. ಹಲ್ಲೊಂದನ್ನೇ ಹೊರಗೆ ಬಿಟ್ಟು ಬಾಯಿಗೆ ತೆಳುವಾದ ರಬ್ಬರ್ ಹಾಳೆ ಕಟ್ಟಿದರು. ಯಂತ್ರ ಗುಂಯ್ ಎಂದಿದ್ದೇ ತಡ, ಕೈ ಮೇಲೆ. ಯಂತ್ರ ನಿಂತಿತು. "ನೋವಾ?" ಇಲ್ಲವೆಂದು ಬೆರಳಾಡಿಸಿದರು. ಮತ್ತೆ ಶುರು, ಮತ್ತೆ ಕೈ. ಮತ್ತೆ ನಿಂತಿತು. ನನಗೋ ನಾಚಿಕೆಯಿಂದ ಮುಖ ಎಲ್ಲಿಡಲಿ ಎನ್ನುವಂತಾಯಿತು. ಇನ್ನೊಂದು ಸಲ ಕೈ ಎದ್ದಾಗ ಮಾತ್ರ ಕಣ್ಣಂಚಿನಲ್ಲಿ ನೀರಿತ್ತು. ಡಾಕ್ಟರಮ್ಮ ಅಷ್ಟೇ ಚುರುಕಾಗಿ ಕೈ ತೆಗೆದು, ಇನ್ನಷ್ಟು ಮದ್ದು ಕೊಟ್ಟು ಕಾದರು. "ನರ ಸತ್ತಿದ್ರೂ ಬೇರಿನ ಸುತ್ತ ಕೀವಿದ್ರೆ ನೋಯುತ್ತೆ, ಬೇಗ ಮರಗಟ್ಟಲ್ಲ. ಹಲ್ಲು ಕಚ್ಚಿ ಸಹಿಸ್ಕೋಬೇಡಿ, ತಿಳಿಸಿ." ಆಮೇಲೆ ಕೈ ಏಳಲಿಲ್ಲ.

ದಾರಿಯಲ್ಲಿ ರೇಗಿದೆ. "ಸುಮ್ಸುಮ್ನೆ ಯಾಕ್ರೀ ಅವರನ್ನ ಗೋಳು ಹೊಯ್ಕೊಂಡ್ರಿ?"

ಮರಗಟ್ಟಿದ ತುಟಿಯಲ್ಲೇ ತೊದಲಿದರು. "ಭಾರದ ಲೋಡ್ ಆದ್ರೆ ಮೊದಲು ಒಂದು ಗೇಣು ಎತ್ತಿ, ಬ್ರೇಕ್ ಹಿಡಿಯುತ್ತಾ ನೋಡ್ತೀವಿ. ಹಿಡೀತು ಕಣೇ."

ಒಳಗೆ ಮದ್ದಿಟ್ಟು ತಾತ್ಕಾಲಿಕವಾಗಿ ಮುಚ್ಚಿದ್ದರು. ಆ ಕಡೆ ಅಗಿಯಬಾರದು, ಊತ ಹೆಚ್ಚಿದರೆ, ಜ್ವರ ಬಂದರೆ ತಡಮಾಡದೆ ಬರಬೇಕು, ಇಲ್ಲದಿದ್ದರೆ ಮುಂದಿನ ವಾರ. ನಾನು ಅನ್ನವನ್ನು ಮೆತ್ತಗೆ ಬೇಯಿಸಿ ಹಾಕಿದೆ. ಒತ್ತಿದರೆ ಸಣ್ಣಗೆ ನೋಯುತ್ತಿತ್ತು, ಅದೂ ಇಳಿಯಿತು. ಕೆನ್ನೆ ಮೊದಲಿನಂತಾಯಿತು. ಡಾಕ್ಟರಮ್ಮ ಹೇಳಿದ ದಿನ ಬಂದದ್ದೇ ತಡ, ಹಳೇ ರಾಗ.

"ನೋವೇ ಇಲ್ಲ. ಇನ್ನೇನು ಡಾಕ್ಟರ ಹತ್ರ ಹೋಗೋದು? ನಾಳೆಯಿಂದ ಕೆಲಸಕ್ಕೆ ಹೋಗ್ತೀನಿ."

ನಾನು ಬಟ್ಟೆ ಮಡಿಸುತ್ತಿದ್ದೆ. "ಹೋದ ಸಲ ನೋವು ನಿಂತಾಗಲೂ ಇದನ್ನೇ ಅಂದ್ರಿ. ಅಲ್ಲಾ ರೀ, ಅರ್ಧ ಎತ್ತಿದ ತೊಲೇನ ಗಾಳೀಲಿ ನೇತಾಡಿಸಿ ಊಟಕ್ಕೆ ಇಳಿದು ಬರ್ತೀರಾ?"

ಇವರು ನನ್ನ ಮಡಿಲಿನಿಂದ ಒಂದು ಅಂಗಿ ಎತ್ತಿಕೊಂಡು, "ಬಾ, ನೀನೂ ಹೊರಡು" ಎಂದರು.

ಆ ದಿನ ಕೈ ಒಮ್ಮೆಯೂ ಏಳಲಿಲ್ಲ. ತೆಳ್ಳನೆಯ ತಂತಿಯಂಥ ಅರದಿಂದ ಬೇರಿನ ಒಳಗನ್ನು ಶುಚಿ ಮಾಡುತ್ತಿದ್ದ ಡಾಕ್ಟರಮ್ಮ ಇದ್ದಕ್ಕಿದ್ದಂತೆ ತಾವೇ ನಿಲ್ಲಿಸಿ ಬಗ್ಗಿ ನೋಡಿದರು. ನಾನು ದಡಬಡಿಸಿ ಎದ್ದು ಹತ್ತಿರ ಹೋದೆ. ರಬ್ಬರ್ ಹಾಳೆಯ ಹಿಂದಿನಿಂದ ಸಣ್ಣ ಗೊರಕೆ!

"ಎಬ್ಬಿಸ್ಲಾ?" ಎಂದು ಪಿಸುಗುಟ್ಟಿದರು.

"ಬೇಡಮ್ಮ, ನಿಮಗೆ ತೊಂದರೆ ಇಲ್ಲದಿದ್ರೆ ಮಲಗಲಿ. ಎಷ್ಟು ವರ್ಷದ ಭಯವೋ." ಅವರು ನಕ್ಕು, ಮತ್ತೆ ದೀಪದಡಿ ಬಾಗಿದರು. ಇವರ ಎಡಗೈ ತೊಡೆಯ ಮೇಲೆ ಮಗುವಿನ ಕೈಯಂತೆ ಸಡಿಲವಾಗಿ ಬಿದ್ದಿತ್ತು.

ಆಮೇಲೆ ಕ್ಯಾಪೂ ಕೂತಿತು. ಮೇಲ್ವಿಚಾರಕರು ಬಾಯಿ ತೆರೆಸಿ ನೋಡಿಯೇ ಮೇಲೆ ಹತ್ತಿಸಿದರಂತೆ. ಇದನ್ನು ಬರೆಯುವಾಗ ಒಲೆಯ ಮೇಲೆ ಹಾಲಿದೆ. ಪಡಸಾಲೆಯಲ್ಲಿ ಅಪ್ಪ ಮಗಳು ಸೌತೆಕಾಯಿಗೆ ಜಗಳವಾಡುತ್ತಿದ್ದಾರೆ. ಕರುಂ ಕುರುಂ ಸದ್ದು ಇಲ್ಲಿಗೂ ಕೇಳುತ್ತಿದೆ. ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ.